ಚಾಕರಿ ಬಿಡೋಣ, ಹಲಗೆ ಬಿಡೋದು ಬ್ಯಾಡ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈಗಷ್ಟೇ ಡಿಜೆ ಹಚ್ಚಿದ್ರಿ. ನಾನೂ ಕುಣಿದೆ, ಸುಳ್ಳು ಹೇಳಲ್ಲ. ಆದ್ರ ಒಂದು ಮಾತು ಕೇಳ್ತೀನಿ. ಇಲ್ಲಿ ಕೆಲವರ ಟಿ-ಶರ್ಟಿನ ಮ್ಯಾಲೆ ಬಾಬ್ ಮಾರ್ಲಿ ಚಿತ್ರ ಐತಿ. ಆತ ಯಾರು, ಏನು ಹಾಡಿದ, ಯಾರಿಗಾದ್ರೂ ಗೊತ್ತೇನು?

ಜಮೈಕಾ ಒಂದು ಸಣ್ಣ ದ್ವೀಪ. ಆಫ್ರಿಕಾದಿಂದ ಜನರನ್ನು ಹಿಡಿದು ತಂದು ಅಲ್ಲಿ ಕಬ್ಬಿನ ತೋಟದಾಗ ಗುಲಾಮರಾಗಿ ದುಡಿಸಿದ್ರು. ಅವರ ಮೊಮ್ಮಕ್ಕಳು, ಮರಿಮಕ್ಕಳು 1960ರ ದಶಕದ ಕೊನೆಗೆ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಕಟ್ಟಿದ ಸಂಗೀತವೇ ರೆಗ್ಗೆ. ಮಾರ್ಲಿ ಬೆಳೆದ ಟ್ರೆಂಚ್ ಟೌನ್ ಅಂಥಾದ್ದೇ ಕೇರಿ. 1981ರಲ್ಲಿ, ಬರೀ 36ನೇ ವಯಸ್ಸಿಗೆ, ಆತ ತೀರಿಕೊಂಡ. 2018ರಲ್ಲಿ ಯುನೆಸ್ಕೊ ಆ ಸಂಗೀತವನ್ನು ಮನುಕುಲದ ಪರಂಪರೆ ಅಂತ ಪಟ್ಟಿಗೆ ಸೇರಿಸಿತು.

ಅದೇ ವರ್ಷ ಚೆನ್ನೈನಾಗ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡ ವೇದಿಕೆ ಹತ್ತಿತು. ನಿರ್ದೇಶಕ ಪಾ. ರಂಜಿತ್, ಸಂಗೀತಗಾರ ತೆನ್ಮಾ ಕಟ್ಟಿದ ತಂಡ ಅದು. ಸಾವಿನ ಮನೆಯಾಗ ಹಾಡ್ತಿದ್ದ ಗಾನಾ ಹಾಡಿಗೆ ರ‍್ಯಾಪ್, ರಾಕ್ ಕೂಡಿಸಿ ಜಾತಿಯನ್ನ ನೇರವಾಗಿ ಪ್ರಶ್ನೆ ಮಾಡಿದ್ರು.

ದೂರ ಯಾಕ? ನಮ್ಮ ಹಳೇ ಮಹಬೂಬ್‌ನಗರ ಜಿಲ್ಲೆಯ ದರ್ಶನಂ ಮೊಗಿಲಯ್ಯನವರು ಹನ್ನೆರಡು ಮೆಟ್ಟಿನ ಕಿನ್ನರಿ ಹಿಡಿದು ಪಂಡುಗ ಸಾಯನ್ನನ ಕಥೆ ಹಾಡಿಕೊಂತ ಊರೂರು ತಿರುಗಿದವರು. 2022ರಲ್ಲಿ ಪದ್ಮಶ್ರೀ ಬಂತು. ಮರುವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೂ ಬಂತು.

ಈಗ ನಮ್ಮ ಹಲಗೆ ವಿಷಯಕ್ಕ ಬರ್ತೀನಿ. 'ಹಲಗೆ ಮುಟ್ಟಲ್ಲ' ಅನ್ನೋ ತಮ್ಮಂದಿರ ಸಿಟ್ಟು ನನಗೆ ಅರ್ಥ ಆಗ್ತದ. ಕರೆದಾಗ ಹೋಗಿ, ದೂರ ನಿಂತು ಬಡಿದು, ಕೊಟ್ಟಷ್ಟು ಇಸಗೊಂಡು ಬರೋದು ಕಲೆ ಅಲ್ಲ, ಬಿಟ್ಟಿ ಚಾಕರಿ. ಅದನ್ನ ಬಿಡಲೇಬೇಕು. ಹೀನ ಚಾಕರಿ ಬಿಡ್ರಿ ಅಂತ ಬಾಬಾಸಾಹೇಬರೇ ಹೇಳಿದ್ದಾರಲ್ಲ. ಆದ್ರ ಅವಮಾನ ಇದ್ದದ್ದು ಚರ್ಮದಾಗ ಅಲ್ಲ, ತಾಳದಾಗ ಅಲ್ಲ, ಕರೆಯೋರ ದನಿಯಾಗ. ನಮ್ಮ ಸಭೆಯಾಗ, ನಮ್ಮ ಮನಸ್ಸಿಗೆ ಬಂದಾಗ, ನಮ್ಮ ಹಾಡಿಗೆ ಬಾರಿಸಿದ್ರ ಅದೇ ಹಲಗೆ ನಮ್ಮ ಮಾತಾಗ್ತದ.

ಡಿಜೆ ಇರಲಿ, ರೆಗ್ಗೆನೂ ಕೇಳ್ರಿ. ಜೊತಿಗೆ ಒಂದು ಕೆಲಸ ಮಾಡ್ರಿ. ಈ ವಾರ ಅಜ್ಜಿ ಹತ್ರ ಕುಂತು ನಾಟಿ ಹಾಡು, ಬೀಸೋ ಹಾಡು ಫೋನಿನ್ಯಾಗ ಹಿಡೀರಿ. ಹಲಗೆ ಬಲ್ಲ ಹಿರಿಯರಿಂದ ಒಂದೊಂದು ಏಟು ಕಲೀರಿ. ಹಾಡಿದವರ ಹೆಸರು, ಊರು ಬರೆದಿಡ್ರಿ. ಅವರು ಹೋದ ಮ್ಯಾಲೆ ಯಾವ ಫೋನಿನ್ಯಾಗ ಹುಡುಕಿದ್ರೂ ಆ ಹಾಡು ಸಿಗಂಗಿಲ್ಲ.

ಮುಂದಿನ ವರ್ಷ ಈ ಕಾರ್ಯಕ್ರಮ ನಮ್ಮ ಹಲಗೆಯಿಂದಲೇ ಶುರುವಾಗಲಿ. ಜೈ ಭೀಮ್.