ಗ್ಯಾಸ್ ಬಂತಾ?

ತೆರಕಣಾಂಬಿಯ ಬೀದಿಗೆ ಸಿಲಿಂಡರ್ ಗಾಡಿ ಬಂದರೆ ‘ಗ್ಯಾಸ್ ಬಂತಾ?’ ಎಂಬ ಕೂಗು ಮನೆಯಿಂದ ಮನೆಗೆ ದಾಟುತ್ತದೆ. ಅದೇ ಹೊತ್ತಿಗೆ ಔಷಧಿ ಅಂಗಡಿಯಲ್ಲಿ ಇನ್ನೊಬ್ಬರು, ‘ಹೊಟ್ಟೆ ತುಂಬ ಗ್ಯಾಸು ಕಣಣ್ಣ, ಒಂದು ಮಾತ್ರೆ ಕೊಡು’ ಎನ್ನುತ್ತಿರುತ್ತಾರೆ. ಯಾವ ಗ್ಯಾಸ್ ಎಂದು ಯಾರೂ ಕೇಳುವುದಿಲ್ಲ.

ಈ ಹೆಸರಿಟ್ಟವನು ಈಗಿನ ಬೆಲ್ಜಿಯಂನ ವೈದ್ಯ ವಾನ್ ಹೆಲ್ಮಾಂಟ್. ಪಾತ್ರೆಯಲ್ಲಿ ಹಿಡಿದಿಡಲಾಗದ ಹೊಗೆಯಂಥ ವಸ್ತುವನ್ನು ಕಂಡು, ಗ್ರೀಕರ ‘ಕೇಯಾಸ್’ ನೆನೆದು ‘ಗ್ಯಾಸ್’ ಎಂದ. ಅವನು ತೀರಿಕೊಂಡ ಮೇಲೆ, 1648ರಲ್ಲಿ ಅಚ್ಚಾದ ಪುಸ್ತಕದಿಂದ ಪದ ಹಬ್ಬಿತು. 1807ರಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಕಲ್ಲಿದ್ದಲ ಗ್ಯಾಸಿನ ದೀಪಗಳು ಉರಿದವು.

ಆಮೇಲೆ ಅದಕ್ಕೆ ಲಗಾಮೇ ಇಲ್ಲ. ಇಂಗ್ಲಿಷಿನಲ್ಲಿ ಬುರುಡೆ ಬಿಡುವುದೂ ಗ್ಯಾಸ್. ಐರ್ಲೆಂಡಿನಲ್ಲಿ ಮೋಜು ಮಾಡುವುದೂ ಗ್ಯಾಸ್. 1914ರಲ್ಲಿ ಬಂದ ಜೇಮ್ಸ್ ಜಾಯ್ಸ್‌ನ ‘ಡಬ್ಲಿನರ್ಸ್’ನಲ್ಲಿ ಹುಡುಗನೊಬ್ಬ ಹಾಗೇ ಮಾತಾಡುತ್ತಾನೆ. ಪ್ಯಾಟ್ರಿಕ್ ಹ್ಯಾಮಿಲ್ಟನ್‌ನ 1938ರ ನಾಟಕ ‘ಗ್ಯಾಸ್ ಲೈಟ್’ನಲ್ಲಿ ಗಂಡ, ನಿನಗೆ ತಲೆ ಕೆಟ್ಟಿದೆಯೆಂದು ಹೆಂಡತಿಯನ್ನೇ ನಂಬಿಸಲು ಹೊರಡುತ್ತಾನೆ. ಇಂದಿನ ‘ಗ್ಯಾಸ್‌ಲೈಟಿಂಗ್’ ಹುಟ್ಟಿದ್ದು ಅಲ್ಲಿಂದ. ಅಮೆರಿಕದವರಿಗೆ ಪೆಟ್ರೋಲೇ ಗ್ಯಾಸ್. ಅಲ್ಲಿರುವ ಮಗಳು ‘ಗ್ಯಾಸ್ ಹಾಕಿಸ್ಕೊಂಡು ಬರ್ತೀನಿ’ ಎಂದರೆ ಗುಂಡ್ಲುಪೇಟೆಯ ತಾಯಿ ಇನ್ನೇನು ತಿಳಿದಾಳು!

ನಮ್ಮ ಹಳಬರಿಗೆ ಗ್ಯಾಸ್ ಎಂದರೆ ಬೆಳಕು. ಮದುವೆ ಮೆರವಣಿಗೆಯಲ್ಲಿ ತಲೆಯ ಮೇಲೆ ಹೊರುತ್ತಿದ್ದ ಪೆಟ್ರೋಮ್ಯಾಕ್ಸೇ ‘ಗ್ಯಾಸ್‌ಲೈಟು’. ಒಳಗಿದ್ದದ್ದು ಸೀಮೆಎಣ್ಣೆ. ಪಂಪು ಹೊಡೆದಂತೆ ಎಣ್ಣೆ ಮೇಲೇರಿ, ಕಾದು ಆವಿಯಾಗಿ ಉರಿದು, ಮ್ಯಾಂಟಲ್ ಬೆಳ್ಳಗೆ ಹೊಳೆಯುತ್ತಿತ್ತು. ಸುಯ್ಯೆಂಬ ಸದ್ದು ಬೇರೆ. ಹೆಸರು ತೀರ ತಪ್ಪೇನಲ್ಲ. ದನದ ಸಗಣಿಯಿಂದ ಬಂದ ಗೋಬರ್ ಗ್ಯಾಸೂ ನಡುವೆ ಕೆಲವು ಹಿತ್ತಲುಗಳನ್ನು ಸೇರಿತು.

ಅಡುಗೆ ಗ್ಯಾಸನ್ನು ಬರ್ಮಾ ಶೆಲ್ ಕಂಪನಿ 1955ರಲ್ಲಿ ಮುಂಬಯಿಯಲ್ಲಿ ‘ಬರ್ಶೇನ್’ ಹೆಸರಲ್ಲಿ ತಂದಿತು. ಇಂಡೇನ್‌ನ ಮೊದಲ ಸಂಪರ್ಕ 1965ರಲ್ಲಿ, ಕಲ್ಕತ್ತೆಯಲ್ಲಿ. ಬಂಡೀಪುರದ ಅಂಚಿನ ಹಳ್ಳಿಗಳ ಕತೆ ಬೇರೆ. ಅಲ್ಲಿ ಒಲೆ ಉರಿಯಬೇಕಾದರೆ ಹೆಂಗಸರು ಆನೆ ಓಡಾಡುವ ಕಾಡಿಗೆ ಹೋಗಿ ಸೌದೆ ಹೊರೆ ಹೊತ್ತು ತರಬೇಕಿತ್ತು. ಕಾಡೂ ಉಳಿಯಲಿ, ಆ ಕಷ್ಟವೂ ತಪ್ಪಲಿ ಎಂದು ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ಮುಂದೆ ನಿಂತು ಕಟ್ಟಿದ ‘ನಮ್ಮ ಸಂಘ’ ಈ ಹಳ್ಳಿಗಳ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡಿಸಿತು. 2016ರಲ್ಲಿ ಕೇಂದ್ರದ ಉಜ್ವಲ ಯೋಜನೆ ಬಂತು, ಅದರ ಬೆನ್ನಿಗೇ ರಾಜ್ಯದ ‘ಅನಿಲಭಾಗ್ಯ’.

ಅನಿಲ ಎಂದರೆ ವಾಯುದೇವ. ಕುಮಾರವ್ಯಾಸನ ಭೀಮ ‘ಅನಿಲಸುತ’. ಹೆಸರು ಚೆನ್ನಾಗಿದೆ, ಆದರೆ ಅರ್ಜಿಯ ಹಾಳೆ ದಾಟಿ ಅಡುಗೆಮನೆಗೆ ಬರಲಿಲ್ಲ.

ಕೊನೆಗೊಂದು ಮಾತು. ಅಡುಗೆ ಗ್ಯಾಸಿಗೆ ತನ್ನದೇ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ನಾತದ ವಸ್ತು ಬೆರೆಸುತ್ತಾರೆ. ಆ ನಾತ ಬಂದರೆ ಲೈಟಿನ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಆರಿಸಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.