ಎದುರು ಮಾತಾಡಿದವಳು

(ಶ್ರೀರಾಂಪುರದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಈ ಬದುಕಿಗೆ ಅರ್ಥ ಏನು ಅಂತ ಕೇಳೋ ಹಕ್ಕು ನಮಗೆ ಯಾವತ್ತೂ ಕೊಟ್ಟಿರಲಿಲ್ಲ. ಕೇಳೋಕೆ ಮೊದಲೇ ಉತ್ತರ ಸಿದ್ಧವಾಗಿತ್ತು: ಇದು ನಿಮ್ಮ ಕರ್ಮ, ಸುಮ್ಮನೆ ಬಿದ್ದಿರಿ. ಈ ಉತ್ತರ ಒಪ್ಪದ ನಮ್ಮ ಕೆಲವು ಬಂಧುಗಳು ಕ್ರಿಸ್ತನ ಕಡೆ ಹೋದರು. ಹಾಲಿನ ಪುಡಿಗೆ, ಗೋಧಿಗೆ ಹೋದರು ಅಂತ ಊರವರು ಆಡಿಕೊಂಡರು. ಹಸಿದವನು ಗೋಧಿ ಕೇಳೋದು ತಪ್ಪಲ್ಲ. ಹಸಿದವನಿಗೆ ಹೊಟ್ಟೆ ಬಿಟ್ಟು ಬೇರೆ ಪ್ರಶ್ನೆಯೇ ಇಲ್ಲ ಅಂತ ತಿಳಿಯೋದು ಮಾತ್ರ ಉಂಡವರ ಅಹಂಕಾರ.

ಅವರು ಅಲ್ಲಿ ಏನು ಕಂಡಿರಬಹುದು? ಬೈಬಲ್ಲಿನ ಎರಡು ಕತೆ ನೋಡೋಣ. ಯೋಹಾನನ ಸುವಾರ್ತೆಯಲ್ಲಿ ಒಂದು ನಡುಮಧ್ಯಾಹ್ನ. ನಡೆದು ದಣಿದ ಯೇಸು ಬಾವಿಕಟ್ಟೆಯಲ್ಲಿ ಕೂತು ಸಮಾರ್ಯದ ಹೆಂಗಸನ್ನ ನೀರು ಕೇಳ್ತಾನೆ. ಯೆಹೂದ್ಯರು ಆ ಜನದ ಜೊತೆ ಬಳಕೆ ಇಟ್ಟುಕೊಂಡವರಲ್ಲ. ಅವಳಿಗೇ ಆಶ್ಚರ್ಯ. ಕೊಡ ಹಿಡಿದು ಬಾವಿಯಿಂದ ದೂರ ನಿಂತು, ಯಾರಾದರೂ ಸೇದಿ ಹುಯ್ಯಲಿ ಅಂತ ಕಾದ ಜನಕ್ಕೆ ಈ ಕತೆಯನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವನು ಉಪದೇಶದಿಂದ ಶುರು ಮಾಡಲಿಲ್ಲ, ತನ್ನ ಬಾಯಾರಿಕೆಯಿಂದ ಶುರು ಮಾಡಿದ.

ಮಾರ್ಕನ ಸುವಾರ್ತೆಯ ಕತೆ ಇನ್ನೂ ಖಾರ. ಹೊರ ಜನಾಂಗದ ತಾಯಿಯೊಬ್ಬಳು ಮಗಳನ್ನ ಉಳಿಸು ಅಂತ ಕಾಲಿಗೆ ಬೀಳ್ತಾಳೆ. ಮಕ್ಕಳ ರೊಟ್ಟಿ ನಾಯಿಗಲ್ಲ ಅನ್ನೋ ಅರ್ಥದ ಮಾತು ಯೇಸುವಿನ ಬಾಯಿಂದಲೇ ಬರುತ್ತೆ. ಅವಳು ತಲೆ ತಗ್ಗಿಸಿ ವಾಪಸ್ಸು ಹೋಗಲಿಲ್ಲ. ಕೆಳಗೆ ಬಿದ್ದ ಚೂರಾದರೂ ನಾಯಿಗೆ ಸಲ್ಲುತ್ತಲ್ಲ ಅಂತ ಎದುರು ಮಾತಾಡಿದಳು. ಆ ಮಾತಿಗೆ ಅವನು ಒಪ್ಪಿದ, ಮಗಳು ಉಳಿದಳು. ಸಂವಾದ ಅಂದರೆ ಇದು. ಒಬ್ಬರೇ ಹೇಳಿ ಇನ್ನೊಬ್ಬರು ಕೇಳೋದಾದರೆ ಅದು ಅಪ್ಪಣೆ.

ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ 1971ರಲ್ಲಿ ಜಿನೀವಾದ ಜಾಗತಿಕ ಚರ್ಚುಗಳ ಮಂಡಳಿಯಲ್ಲಿ ಅನ್ಯಧರ್ಮೀಯರ ಜೊತೆ ಸಂವಾದ ನಡೆಸುವ ವಿಭಾಗದ ಮೊದಲ ನಿರ್ದೇಶಕರಾದರು. ಸಂವಾದವನ್ನ ಮತಾಂತರದ ಉಪಾಯ ಮಾಡಬಾರದು ಅನ್ನೋದು ಅವರ ನಿಲುವು. ದೊಡ್ಡ ಮಾತೇ ಸರಿ. ಆದರೆ ಹಿಂದೂಗಳ ಪರವಾಗಿ ಕ್ರೈಸ್ತ ಪಂಡಿತರ ಎದುರು ಕೂತವರು ಬಹುಪಾಲು ವೇದಾಂತ ಬಲ್ಲವರು. ಹಟ್ಟಿಯವರನ್ನ ಯಾರು ಕರೆದರು? 1981ರಲ್ಲಿ ಅರವಿಂದ ನಿರ್ಮಲ್ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಲ್ಲಿ ಈ ಕೊರತೆಯನ್ನೇ ಎತ್ತಿದರು. ಚರ್ಚಿನ ತುಂಬ ಕೆಳಜಾತಿಯ ಜನ, ಚರ್ಚಿನ ಚಿಂತನೆ ತುಂಬ ಬ್ರಾಹ್ಮಣ ದರ್ಶನ! ದಲಿತ ಕ್ರೈಸ್ತರ ಸ್ವಂತ ಚಿಂತನೆ ಅಲ್ಲಿಂದ ಬೆಳೆಯಿತು. ಚರ್ಚಿನೊಳಗೂ ಜಾತಿಗೊಂದು ಸಾಲು, ಕೆಲವು ಕಡೆ ಸ್ಮಶಾನಕ್ಕೂ ಅಡ್ಡಗೋಡೆ ಇದ್ದದ್ದನ್ನ ಅದು ಬಯಲಿಗೆಳೆಯಿತು.

ಇನ್ನೊಂದು ಗೋಡೆ ಸರ್ಕಾರದ್ದು. 1950ರ ರಾಷ್ಟ್ರಪತಿ ಆದೇಶದ ಮೂರನೆ ಪ್ಯಾರಾ ಹಿಂದೂಗಳಾದವರನ್ನ ಮಾತ್ರ ಪರಿಶಿಷ್ಟ ಜಾತಿ ಅಂದಿತು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತ ದಲಿತ ಹೊರಗೇ ಉಳಿದ. ಊರು ಅವನನ್ನ ಹಳೇ ಜಾತಿಯಿಂದಲೇ ಕರೆಯುತ್ತೆ. ಕಾಗದ ಮಾತ್ರ ಆ ಜಾತಿ ಹೋಯಿತು ಅನ್ನುತ್ತೆ. ಬಾಯಿಬಿಟ್ಟರೆ ಮಗಳ ಸರ್ಟಿಫಿಕೇಟು ಹೋಗುತ್ತೆ ಅಂತ ಹೆದರಿ ನಂಬಿಕೆಯನ್ನ ಟ್ರಂಕಿನಲ್ಲಿ ಮುಚ್ಚಿಟ್ಟವನ ಜೊತೆ ಎಂಥ ಬಿಚ್ಚುಮನಸ್ಸಿನ ಮಾತುಕತೆ? ಹೆದರಿಕೆ ಇರೋ ಕಡೆ ಸಂವಾದ ಇರೋದಿಲ್ಲ.

ಬಾಬಾಸಾಹೇಬರು 1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯೋದಿಲ್ಲ ಅಂದರು. ಬುದ್ಧನನ್ನ ಸೇರಿದ್ದು 1956ರಲ್ಲಿ. ನಡುವಿನ 21 ವರ್ಷ ಧರ್ಮಗಳನ್ನ ತೂಗಿ ನೋಡಿದರು. ಕ್ರೈಸ್ತರಾದರೂ ಜಾತಿ ಬಿಡಲಿಲ್ಲ ಅಂತ ಬರೆದರು. ಆ ಪ್ರಶ್ನೆ ಕೇಳೋ ಧೈರ್ಯ ನಮಗೂ ಬೇಕು, ಕೇಳಿಸಿಕೊಳ್ಳೋ ಧೈರ್ಯ ಪಾದ್ರಿಗಳಿಗೂ ಬೇಕು.

ದೀಕ್ಷಾಸ್ನಾನ ಪಡೆದವರನ್ನ ಕೆಟ್ಟುಹೋದರು ಅಂತ ನಾವು ಅನ್ನೋದು ಬೇಡ. ನಮ್ಮ ಮಾರಮ್ಮನನ್ನ ಸೈತಾನ ಅಂತ ಅವರು ಅನ್ನೋದೂ ಬೇಡ. ಮುಂದಿನ ಸಭೆಗೆ ಅವರನ್ನ ಕರೆಯೋಣ. ಒಂದೇ ಚಾಪೆ ಮೇಲೆ ಕೂತು, ಮೊದಲು ಅವರ ಮಾತು ಕೇಳೋಣ.

ಜೈಭೀಮ್.