ಹೊಳೆಯ ದಡಕ್ಕೆ ಗಿಡವೇ ಕಾವಲು



ನಮ್ಮ ವೈಯಾಲಿಕಾವಲ್‌ನಲ್ಲಿ ಹೊಳೆ ಇಲ್ಲ. ಪಕ್ಕದಲ್ಲಿ ಸ್ಯಾಂಕಿ ಕೆರೆ ಇದೆ, ಅಷ್ಟೆ. ಹಾಗಿದ್ದ ಮೇಲೆ ಹೊಳೆಯ ಮಾತು ನಮಗೇಕೆ ಅಂತೀರಾ? ಕೇಳಿ.

ನಮ್ಮ ಬೆಂಗಳೂರಿನಲ್ಲೇ ಒಂದು ಹೊಳೆ ಹುಟ್ಟುತ್ತದೆ. ಅದರ ಹೆಸರು ವೃಷಭಾವತಿ. ವೃಷಭ ಅಂದರೆ ಬಸವ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಈ ಹೊಳೆ ಹುಟ್ಟಿತು ಎಂದು ಹಿರಿಯರ ನಂಬಿಕೆ. ಮಲ್ಲೇಶ್ವರದ ಕಡೆಯಿಂದಲೂ ಇದಕ್ಕೆ ನೀರು ಬರುತ್ತದೆ. ಮುಂದೆ ಇದು ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ಆಮೇಲೆ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರದ ಆಚೆ, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನಮ್ಮ ಊರಿನ ಮಳೆನೀರು ಅಷ್ಟು ದೂರ ಹೋಗುತ್ತದೆ. ಜೊತೆಯಲ್ಲಿ ಮಣ್ಣೂ ಹೋಗುತ್ತದೆ.

ಆ ಮಣ್ಣು ಎಲ್ಲಿ ನಿಲ್ಲಬೇಕು? ಹೊಳೆ ಎಷ್ಟು ಅಗಲ ಇರಬೇಕು? ಇದರಲ್ಲಿ ದಡದ ಗಿಡಗಳ ಪಾತ್ರ ದೊಡ್ಡದು.

ನಾವು ಅಕ್ಕಿ ಗಾಳಿಸುತ್ತೇವೆ ಅಲ್ಲವೇ? ಪಾತ್ರೆ ಆಡಿಸಿದರೆ ಅಕ್ಕಿ ನೀರಿನ ಜೊತೆ ಈಚೆ ಬರುತ್ತದೆ. ಕಲ್ಲು ಭಾರ, ತಳದಲ್ಲಿ ಉಳಿಯುತ್ತದೆ. ಆಡಿಸುವುದನ್ನು ನಿಲ್ಲಿಸಿದರೆ ಅಕ್ಕಿಯೂ ತಳಕ್ಕೆ ಕೂರುತ್ತದೆ. ಹೊಳೆಯದೂ ಹೀಗೇ. ಜೋರಾಗಿ ಹರಿಯುವ ನೀರು ಕಲ್ಲು, ಮರಳು, ಮಣ್ಣು ಎಲ್ಲವನ್ನೂ ಹೊತ್ತೊಯ್ಯುತ್ತದೆ. ನೀರು ನಿಧಾನವಾದಾಗ ಮೊದಲು ಕಲ್ಲು ಕೂರುತ್ತದೆ. ಆಮೇಲೆ ಮರಳು. ಕೊನೆಗೆ ನುಣ್ಣನೆಯ ಗೋಡುಮಣ್ಣು.

ದಡದ ಗಿಡಗಳು ಎರಡು ಕೆಲಸ ಮಾಡುತ್ತವೆ.

ಒಂದು, ನೀರನ್ನು ನಿಧಾನ ಮಾಡುತ್ತವೆ. ಹುಲ್ಲು, ಜೊಂಡು, ಲಕ್ಕಿ ಗಿಡಗಳ ಸಂದಿಯಲ್ಲಿ ನೀರು ತಡೆದು ತಡೆದು ಹರಿಯುತ್ತದೆ. ಗೋಡುಮಣ್ಣು ಅಲ್ಲೇ ಕೂರುತ್ತದೆ. ದಡ ವರ್ಷ ವರ್ಷ ಗಟ್ಟಿಯಾಗುತ್ತದೆ.

ಎರಡು, ಬೇರಿನಿಂದ ಮಣ್ಣನ್ನು ಕಟ್ಟಿ ಹಿಡಿಯುತ್ತವೆ. ಗರಿಕೆಯ ಬೇರು ಮೇಲುಮಣ್ಣನ್ನು ಹಿಡಿಯುತ್ತದೆ. ಲಾವಂಚದ ಬೇರು 10 ಅಡಿ ಆಳಕ್ಕೂ ಇಳಿಯಬಲ್ಲದು. ಹೊಂಗೆ, ಅತ್ತಿ, ಹೊಳೆಮತ್ತಿಯ ದಪ್ಪ ಬೇರು ದಡವನ್ನೇ ತಬ್ಬಿಕೊಳ್ಳುತ್ತದೆ. ಸಂಗಮಕ್ಕೋ ಮುತ್ತತ್ತಿಗೋ ಹೋದವರು ಕಾವೇರಿ ದಂಡೆಯ ದೊಡ್ಡ ದೊಡ್ಡ ಹೊಳೆಮತ್ತಿ ಮರಗಳನ್ನು ನೋಡಿರುತ್ತೀರಿ. ಅವು ನೆರಳಿಗೆ ಮಾತ್ರ ಅಲ್ಲ, ದಡದ ಕಾವಲಿಗೂ ನಿಂತಿವೆ.

ಈ ಗಿಡಗಳನ್ನು ಕಡಿದರೆ ಏನಾಗುತ್ತದೆ? ನೀರು ದಡದ ಬುಡವನ್ನು ಕೊರೆಯುತ್ತದೆ. ಮೇಲಿನ ಮಣ್ಣು ದೊಪ್ಪನೆ ಕುಸಿಯುತ್ತದೆ. ಇವತ್ತು ಒಂದು ಮೊಳ, ನಾಳೆ ಒಂದು ಮಾರು. ದಡದ ಹೊಲ ಹೊಳೆಯ ಪಾಲು. ಹೊಳೆ ಅಗಲವಾಗುತ್ತದೆ, ಆಳ ಕಡಿಮೆಯಾಗುತ್ತದೆ. ಕುಸಿದ ಮಣ್ಣು ಕೆಳಗಿನ ಕೆರೆಯಲ್ಲಿ ಹೂಳಾಗಿ ತುಂಬುತ್ತದೆ. ಕೆರೆಯಲ್ಲಿ ಹೂಳು ಹೆಚ್ಚಿದಷ್ಟೂ ನೀರಿಗೆ ಜಾಗ ಕಡಿಮೆ.

‘ಗೋಡೆ ಕಟ್ಟಿದರೆ ಆಯ್ತಲ್ಲ’ ಅನ್ನಬಹುದು. ಊರೊಳಗೆ ವೃಷಭಾವತಿಗೆ ಬಹಳ ಕಡೆ ಕಲ್ಲು, ಕಾಂಕ್ರೀಟಿನ ಗೋಡೆ ಇದೆ. ರಸ್ತೆ, ಮನೆಗಳ ಪಕ್ಕದಲ್ಲಿ ಗೋಡೆ ಬೇಕಾಗಬಹುದು. ಆದರೆ ನುಣುಪು ಗೋಡೆ ನೀರನ್ನು ನಿಧಾನ ಮಾಡುವುದಿಲ್ಲ. ನೀರು ಓಡುತ್ತದೆ. ಗೋಡೆ ಮುಗಿದ ಕಡೆ ಅದೇ ರಭಸದಲ್ಲಿ ಮಣ್ಣಿನ ದಡಕ್ಕೆ ಹೊಡೆಯುತ್ತದೆ. ನಮ್ಮ ಕಡೆಯ ಕಷ್ಟ ಕೆಳಗಿನ ಊರಿನ ಅಕ್ಕನ ಹೊಲಕ್ಕೆ ಹೋಗುತ್ತದೆ.

ಇನ್ನೊಂದು ಮಾತು. ಗಿಡ ಇರಬೇಕಾದದ್ದು ದಡದಲ್ಲಿ. ಹೊಳೆಯ ನಡುವೆ ಜೊಂಡು ಒತ್ತಾಗಿ ಬೆಳೆದರೆ ಅಲ್ಲೂ ಮಣ್ಣು ಕೂತು ದಿಬ್ಬವಾಗುತ್ತದೆ. ಆಗ ನೀರು ಪಕ್ಕಕ್ಕೆ ತಿರುಗಿ ದಡವನ್ನು ಕೊರೆಯಬಹುದು. ಅದನ್ನು ನೋಡಿಕೊಂಡು ತೆಗೆಯಿಸಬೇಕು.

ಇದನ್ನು ನಾವೇ ಮಾಡಿ ನೋಡೋಣ. ಎರಡು ತಟ್ಟೆ ತೆಗೆದುಕೊಳ್ಳಿ. ಒಂದರಲ್ಲಿ ಬರೀ ಮಣ್ಣು ಹಾಕಿ. ಇನ್ನೊಂದರಲ್ಲಿ ಮಣ್ಣಿನ ಸಮೇತ ಕಿತ್ತ ಗರಿಕೆಯ ಹೆಂಟೆ ಇಡಿ. ಎರಡನ್ನೂ ಓರೆ ಮಾಡಿ, ಒಂದೊಂದು ಲೋಟ ನೀರು ಸುರಿಯಿರಿ. ಯಾವುದರಿಂದ ಕೆಸರುನೀರು ಹೆಚ್ಚು ಬಂತು? ನೀವೇ ಹೇಳಿ.

ನಮ್ಮಲ್ಲಿ ಹಲವರ ತವರು ಹಳ್ಳಿ. ಅಲ್ಲಿ ಹೊಳೆಯೋ ಹಳ್ಳವೋ ಇರುತ್ತದೆ. ಹಬ್ಬಕ್ಕೆ ಹೋದಾಗ ದಡ ನೋಡಿ ಬನ್ನಿ. ದಡದ ಅಂಚಿನವರೆಗೂ ಉಳಬೇಡಿ, ಒಂದಷ್ಟು ಜಾಗ ಗಿಡಕ್ಕೆ ಬಿಡಿ ಎಂದು ಅಣ್ಣತಮ್ಮಂದಿರಿಗೆ ಹೇಳಿ. ಸೌದೆಗೆ ದಡದ ಮರ ಕಡಿಯುವುದು ಬೇಡ. ಬೋಳಾದ ಕಡೆ ಹೊಂಗೆ, ಲಕ್ಕಿ, ಲಾವಂಚ ನೆಡಿ. ಗ್ರಾಮಸಭೆಯಲ್ಲಿ ಈ ಮಾತು ಎತ್ತಿ. ಈಗ ನಿಮಗೆ ಓದು ಬರಹ ಬರುತ್ತದೆ. ಅರ್ಜಿಯನ್ನು ನೀವೇ ಬರೆಯಬಹುದು.